ಜಪಾನ್‌ನಲ್ಲಿರುವ ಕನ್ನಡಿಗರಿಗೆ ಹತ್ಸುನೆ ಮಿಕು ಟಿಕೆಟ್: ಹೆಸರು ತುಂಬುವುದರಿಂದ ವಾಪಸ್ ರೈಲು ಹಿಡಿಯುವವರೆಗೆ

ಪ್ರತಿ ವರ್ಷ ಜುಲೈ ಬಂದರೆ ಸಾಕು, ನನ್ನ ಫೋನಿಗೆ ಒಂದೇ ಪ್ರಶ್ನೆ ಬರುತ್ತದೆ. "ಮುಂದಿನ ತಿಂಗಳು ಮಿಕು ಕಾರ್ಯಕ್ರಮ ಇದೆಯಂತೆ. ಟಿಕೆಟ್ ಎಲ್ಲಿ ಸಿಗುತ್ತೆ?" ಮಿಕು ಅಂದರೆ ಹತ್ಸುನೆ ಮಿಕು, ಕಂಪ್ಯೂಟರ್ ದನಿಯಲ್ಲಿ ಹಾಡುವ ಕಾಲ್ಪನಿಕ ಗಾಯಕಿ. ಕೇಳುವವರು ಕೆಲಸಕ್ಕೋ ಓದಿಗೋ ಹೊಸದಾಗಿ ಬಂದ ನಮ್ಮವರು. ಅಷ್ಟು ಹೊತ್ತಿಗೆ ಟಿಕೆಟ್ ಹಂಚುವ ಲಾಟರಿಯ ಮುಖ್ಯ ಸುತ್ತುಗಳೆಲ್ಲ ಮುಗಿದಿರುತ್ತವೆ.

ಕೆಲವರು ಬೇಗ ಶುರು ಮಾಡಿಯೂ ಸೋಲುತ್ತಾರೆ. ಒಬ್ಬರಿಗೆ ಫೋನ್ ನಂಬರ್ ಕೈ ಕೊಡುತ್ತದೆ. ಇನ್ನೊಬ್ಬರ ಹೆಸರನ್ನು ಸೈಟ್ ಒಪ್ಪುವುದಿಲ್ಲ. ಮತ್ತೊಬ್ಬರು ಲಾಟರಿ ಗೆದ್ದು ದುಡ್ಡು ಕಟ್ಟುವ ದಿನ ಮರೆಯುತ್ತಾರೆ. ಎಲ್ಲರದೂ ಮೂಲದಲ್ಲಿ ಒಂದೇ ತಪ್ಪು. ಕಾರ್ಯಕ್ರಮದ ದಿನಾಂಕದಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದದ್ದು ಫೋನ್ ನಂಬರ್‌ನಿಂದ, ಆಮೇಲೆ ಹೆಸರಿನಿಂದ. ಟಿಕೆಟ್ ಕೊನೆಗೆ ಬರುತ್ತದೆ.

ಇಲ್ಲಿ ಹೇಳುವುದು ಮಿಕುವಿನ ದೊಡ್ಡ ವಾರ್ಷಿಕ ಕಾರ್ಯಕ್ರಮವಾದ ಮ್ಯಾಜಿಕಲ್ ಮಿರಾಯ್ ಬಗ್ಗೆ. ಅದು ಹೆಚ್ಚಾಗಿ ಆಗಸ್ಟ್ ಮತ್ತು ಸೆಪ್ಟೆಂಬರ್ ಶುರುವಿನಲ್ಲಿ ನಡೆಯುತ್ತದೆ. ಚಿಬಾದ ಮಕುಹಾರಿ ಮೆಸ್ಸೆ, ಒಸಾಕಾದ ಇಂಟೆಕ್ಸ್ ಅದರ ಪರಿಚಿತ ಜಾಗಗಳು. ಹೊಲೊಲೈವ್, ನಿಜಿಸಾಂಜಿಯಂಥ ವಿ-ಟ್ಯೂಬರ್ (ಚಿತ್ರರೂಪದಲ್ಲಿ ಕಾಣಿಸಿಕೊಳ್ಳುವ ಯೂಟ್ಯೂಬರ್) ತಂಡಗಳ ಕಾರ್ಯಕ್ರಮಗಳಿಗೂ ಹೆಚ್ಚು ಕಡಿಮೆ ಇದೇ ಕ್ರಮ.

ಕೈಯಲ್ಲಿ ಏನೇನು ಇರಬೇಕು

ಜೈರ್ಯು ಕಾರ್ಡ್, ಅಂದರೆ ನಮ್ಮ ನಿವಾಸ ಕಾರ್ಡ್. ಮಾತಾಡಲು ಬರುವ ಸಿಮ್ ಹಾಕಿದ ಸ್ಮಾರ್ಟ್‌ಫೋನ್. ಬ್ಯಾಂಕ್ ಪಾಸ್‌ಬುಕ್ ಅಥವಾ ಬ್ಯಾಂಕ್ ಆ್ಯಪ್. ಆಫೀಸಿನದ್ದಲ್ಲದ ಸ್ವಂತ ಇಮೇಲ್. ಟಿಕೆಟ್ ಬೆಲೆಗಿಂತ ಸ್ವಲ್ಪ ಜಾಸ್ತಿ ಹಣ, ಯಾಕೆಂದರೆ ಸೇವಾ ಶುಲ್ಕ, ಟಿಕೆಟ್ ಕೊಡುವ ಶುಲ್ಕ ಅಂತ ಮೇಲಿಂದ ಸೇರುತ್ತದೆ. ಜಪಾನೀ ಟೈಪಿಂಗ್ ಕೀಬೋರ್ಡ್ ಅನ್ನು ಫೋನಿಗೆ ಇವತ್ತೇ ಸೇರಿಸಿಕೊಳ್ಳಿ. ಇಂಗ್ಲಿಷ್ ಕೀಬೋರ್ಡ್ ಮಾತ್ರ ಇದ್ದರೆ ಎರಡನೇ ಹಂತ ದಾಟಲು ಆಗುವುದಿಲ್ಲ.

ಹಂತ 1: ಮೊದಲು ಫೋನ್ ನಂಬರ್

ಟಿಕೆಟ್ ಮಾರುವ ಸೈಟ್‌ಗಳು ನಿಮ್ಮ ನಂಬರ್‌ಗೆ ಎಸ್ಸೆಮ್ಮೆಸ್ ಕಳಿಸಿ ಖಾತ್ರಿ ಮಾಡಿಕೊಳ್ಳುತ್ತವೆ. ಕೆಲವು ಕಡೆ ಆ ನಂಬರ್‌ನಿಂದಲೇ ಒಂದು ಕರೆ ಮಾಡಿ ಅನ್ನುತ್ತವೆ. 070, 080, 090ರಿಂದ ಶುರುವಾಗುವ ನಂಬರ್ ಇದ್ದರೆ ಚಿಂತೆ ಇಲ್ಲ. ಬಂದ ಹೊಸತರಲ್ಲಿ ದುಡ್ಡು ಉಳಿಸಲು ನಾವು ಡೇಟಾ ಮಾತ್ರ ಇರುವ ಸಿಮ್ ತಗೊಳ್ಳುತ್ತೇವೆ. ಅದಕ್ಕೆ ಫೋನ್ ನಂಬರ್ರೇ ಇರುವುದಿಲ್ಲ, ಅಥವಾ 050ರ ಇಂಟರ್ನೆಟ್ ನಂಬರ್ ಇರುತ್ತದೆ. ಅದನ್ನು ಹಾಕಿದರೆ ಸೈಟ್ ಒಪ್ಪುವುದಿಲ್ಲ.

ಸಿಮ್ ಕಂಪನಿ ಬದಲಾಯಿಸುವ ಯೋಚನೆ ಇದ್ದರೆ ಲಾಟರಿಗೆ ಮುಂಚೆ ಮಾಡಿ ಮುಗಿಸಿ, ಇಲ್ಲ ಕಾರ್ಯಕ್ರಮ ಮುಗಿಯುವವರೆಗೆ ಕಾಯಿರಿ. ಬದಲಾಯಿಸುವಾಗಲೂ ಅದೇ ನಂಬರ್ ಉಳಿಸಿಕೊಳ್ಳಿ. ಡಿಜಿಟಲ್ ಟಿಕೆಟ್ ಆ ನಂಬರ್‌ಗೇ ಕಟ್ಟಿಕೊಂಡಿರುತ್ತದೆ.

ಹಂತ 2: ಹೆಸರು, ಎಲ್ಲ ಕಡೆ ಒಂದೇ ತರಹ

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಇದೊಂದು ಹಂತಕ್ಕೆ ಅರ್ಧ ದಿನ ಕೊಡಿ.

ಫಾರಂನಲ್ಲಿ ಎರಡು ಜಾಗ ಇರುತ್ತವೆ. ಸೇ ಅಂದರೆ ಮನೆತನದ ಹೆಸರು. ಮೇ ಅಂದರೆ ನಿಮ್ಮ ಹೆಸರು. ಅದರ ಕೆಳಗೆ ಮತ್ತೆ ಎರಡು ಜಾಗ, ಅದೇ ಹೆಸರನ್ನು ಜಪಾನಿನ ಕಟಕಾನ ಲಿಪಿಯಲ್ಲಿ ಬರೆಯಲು. ನಾಲ್ಕೂ ತುಂಬಲೇಬೇಕು.

ನಮ್ಮ ಹೆಸರುಗಳಿಗೆ ಇದು ಹೊಂದುವುದಿಲ್ಲ. ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿ ಇರುತ್ತವೆ. ಪಾಸ್‌ಪೋರ್ಟ್‌ನಲ್ಲಿ ಅವು ಒಮ್ಮೆ ಬಿಡಿಸಿಕೊಂಡು ಬರುತ್ತವೆ, ಒಮ್ಮೆ ಬರುವುದೇ ಇಲ್ಲ. ಸರ್‌ನೇಮ್ ಜಾಗ ಖಾಲಿ ಇರುವ ಪಾಸ್‌ಪೋರ್ಟ್ ನಮ್ಮ ಕಡೆ ಎಷ್ಟೊಂದು ಇವೆ, ಅಲ್ವಾ? ಜೈರ್ಯು ಕಾರ್ಡ್‌ಗೆ ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಬರುತ್ತದೆ. ಬಾಗಿಲಲ್ಲಿ ಸಿಬ್ಬಂದಿ ಹೋಲಿಸಿ ನೋಡುವುದು ಆ ಕಾರ್ಡನ್ನು. ಹಾಗಾಗಿ ಮನೆಯಲ್ಲಿ ಕರೆಯುವ ಹೆಸರು, ಆಫೀಸಿನ ಬ್ಯಾಡ್ಜ್ ಹೆಸರು, ಎಲ್ಲವನ್ನೂ ಮರೆತುಬಿಡಿ. ಕಾರ್ಡ್‌ನಲ್ಲಿ ಯಾವ ಹೆಸರು ಮೊದಲು ಇದೆಯೋ ಅದು ಸೇ ಜಾಗಕ್ಕೆ. ಉಳಿದದ್ದೆಲ್ಲ ಮೇ ಜಾಗಕ್ಕೆ, ನಡುವೆ ಖಾಲಿ ಬಿಡದೆ.

ಕಾರ್ಡ್‌ನಲ್ಲಿ ಒಂದೇ ಹೆಸರು ಇದೆಯೇ? ಕೆಲವರು ಅದನ್ನೇ ಎರಡೂ ಜಾಗದಲ್ಲಿ ಬರೆಯುತ್ತಾರೆ. ನಾನು ಹೇಳುವುದು ಹೆಸರನ್ನು ಎರಡು ತುಂಡು ಮಾಡಿ ಅಂತ. ರಾಘವೇಂದ್ರ ಆದರೆ ಒಂದು ಕಡೆ ರಾಘ, ಇನ್ನೊಂದು ಕಡೆ ವೇಂದ್ರ. ಸೇರಿಸಿ ಓದಿದರೆ ಕಾರ್ಡ್‌ನಲ್ಲಿರುವ ಹೆಸರೇ ಬರುತ್ತದೆ. ಹೀಗೆ ಮಾಡುವ ಮುಂಚೆ ಸೈಟ್‌ನ ವಿಚಾರಣೆ ಪುಟದಲ್ಲಿ ಒಂದು ಪ್ರಶ್ನೆ ಹಾಕಿ, ಬಂದ ಉತ್ತರವನ್ನು ಫೋನಲ್ಲಿ ಇಟ್ಟುಕೊಳ್ಳಿ. ಬಾಗಿಲಲ್ಲಿ ತೋರಿಸಲು ಬೇಕಾಗುತ್ತದೆ.

ಇನ್ನು ಕಟಕಾನ. ಅದರಲ್ಲಿ ಮಹಾಪ್ರಾಣ ಇಲ್ಲ, ಘ ಹೋಗಿ ಗ ಆಗುತ್ತದೆ. ರಾ ದೀರ್ಘ ಬರೆಯಬಹುದು, ಬಿಡಲೂಬಹುದು. ವೇ ಅನ್ನು ವೆ ಅಂತಲೂ ಬರೆಯುತ್ತಾರೆ, ಬೆ ಅಂತಲೂ ಬರೆಯುತ್ತಾರೆ. ಎರಡು ಜಾಗ, ತಲಾ ಎರಡು ಆಯ್ಕೆ. ಒಬ್ಬ ರಾಘವೇಂದ್ರ ಕಂಪ್ಯೂಟರ್ ಕಣ್ಣಿಗೆ ನಾಲ್ಕು ಬೇರೆ ಬೇರೆ ಜನ ಆಗುತ್ತಾನೆ. ಬ್ಯಾಂಕ್ ಖಾತೆ ತೆರೆದಾಗ ಅವರು ನಿಮ್ಮ ಹೆಸರನ್ನು ಕಟಕಾನದಲ್ಲಿ ಬರೆದಿರುತ್ತಾರೆ. ಅದನ್ನೇ ಅಕ್ಷರ ಬಿಡದೆ ನಕಲು ಮಾಡಿ. ಕೇಳಲು ಚೆನ್ನಾಗಿಲ್ಲ ಅನಿಸಿದರೂ ತಿದ್ದಬೇಡಿ. ಫೋನಿನ ನೋಟ್ಸ್‌ನಲ್ಲಿ ಒಂದು ಸಲ ಬರೆದಿಟ್ಟುಕೊಂಡು ಮುಂದೆ ಎಲ್ಲ ಕಡೆ ಅದನ್ನೇ ಕಾಪಿ ಮಾಡಿ ಹಾಕಿ.

ಕೆಂಪು ಅಕ್ಷರದಲ್ಲಿ ತಪ್ಪು ತೋರಿಸಿದರೆ ಮೂರು ವಿಷಯ ನೋಡಿ. ಅಕ್ಷರ ಜೆನ್‌ಕಾಕು, ಅಂದರೆ ಪೂರ್ತಿ ಅಗಲದ್ದು ಇದೆಯೇ? ಬ್ಯಾಂಕ್ ಆ್ಯಪ್‌ನಲ್ಲಿ ಹೆಚ್ಚಾಗಿ ಹಾನ್‌ಕಾಕು, ಅಂದರೆ ಅರ್ಧ ಅಗಲದ ಅಕ್ಷರ ಇರುತ್ತದೆ, ಅದನ್ನು ನೇರ ಅಂಟಿಸಿದರೆ ಸೈಟ್ ಒಪ್ಪುವುದಿಲ್ಲ. ನಡುವೆ ಖಾಲಿ ಜಾಗ ಸೇರಿದೆಯೇ? ದೀರ್ಘದ ಗೆರೆ ಸರಿ ಇದೆಯೇ? ಇಂಗ್ಲಿಷ್ ಹೈಫನ್ ನೋಡಲು ಅದರಂತೆಯೇ ಇರುತ್ತದೆ, ಆದರೆ ಅದು ಬೇರೆ ಅಕ್ಷರ. ಜಪಾನೀ ಟೈಪಿಂಗ್‌ನಲ್ಲಿ ಇದ್ದುಕೊಂಡೇ ಹೈಫನ್ ಕೀ ಒತ್ತಿದರೆ ಸರಿಯಾದ ಗೆರೆ ಬರುತ್ತದೆ.

ನನ್ನ ಮೊದಲ ವರ್ಷ ಖಾತೆಯಲ್ಲಿ ನನ್ನ ಹೆಸರು ಮೊದಲು, ಅಪ್ಪನ ಹೆಸರು ಆಮೇಲೆ ಹಾಕಿದ್ದೆ. ಕಾರ್ಡ್‌ನಲ್ಲಿ ಅದು ತಿರುಗಾ ಮುರುಗಾ. ಬಾಗಿಲಲ್ಲಿ ಪಕ್ಕಕ್ಕೆ ನಿಲ್ಲಿಸಿದರು. ಮೂವರು ಬಂದು ನೋಡಿದರು, ತುಂಬಾ ಮರ್ಯಾದೆಯಿಂದಲೇ ಮಾತಾಡಿದರು, ಕೊನೆಗೆ ಬಿಟ್ಟರು ಕೂಡ. ಅಷ್ಟರಲ್ಲಿ ಒಳಗಿನಿಂದ ಮೊದಲ ಹಾಡಿನ ಸದ್ದು ಕೇಳುತ್ತಿತ್ತು. ಆ ಬಾಗಿಲ ಹೊರಗೆ ನಿಂತು ಹಾಡು ಕೇಳಿಸಿಕೊಂಡ ನೋವು ಇನ್ನೂ ಹೋಗಿಲ್ಲ. ನಿಮಗೆ ಹಾಗಾಗಬಾರದು.

ಹಂತ 3: ಖಾತೆ ಮತ್ತು ಆ್ಯಪ್, ಲಾಟರಿಗೆ ಒಂದು ವಾರ ಮುಂಚೆ

ಇ-ಪ್ಲಸ್, ಲಾಸನ್ ಟಿಕೆಟ್, ಟಿಕೆಟ್ ಪಿಯಾ ಇಲ್ಲಿನ ದೊಡ್ಡ ಟಿಕೆಟ್ ಮಾರಾಟಗಾರರು. ಯಾವ ಕಾರ್ಯಕ್ರಮ ಯಾರ ಹತ್ತಿರ ಅನ್ನುವುದು ಅಧಿಕೃತ ಸೈಟ್‌ನಲ್ಲಿ ಬರುತ್ತದೆ. ಮೂರರಲ್ಲೂ ಈಗಲೇ ಖಾತೆ ತೆರೆದು, ನಂಬರ್ ಖಾತ್ರಿ ಮುಗಿಸಿ, ಅವರವರ ಆ್ಯಪ್ ಹಾಕಿಕೊಳ್ಳಿ. ಲಾಟರಿ ಮುಗಿಯುವ ಕೊನೆಯ ರಾತ್ರಿ ಖಾತೆ ತೆರೆಯಲು ಕೂತವರು ಹೆಸರಿನ ಜಾಗದಲ್ಲೇ ಸಮಯ ಕಳೆದುಕೊಳ್ಳುತ್ತಾರೆ.

ನಿಮ್ಮ ಫೋನಿನ ಆ್ಯಪ್ ಸ್ಟೋರ್ ಇನ್ನೂ ಭಾರತದ್ದೇ ಆಗಿದ್ದರೆ ಕೆಲವು ಟಿಕೆಟ್ ಆ್ಯಪ್ ಹುಡುಕಿದರೂ ಕಾಣುವುದಿಲ್ಲ. ದೇಶ ಬದಲಾಯಿಸಬೇಕು. ಅದಕ್ಕೆ ಹಳೇ ಚಂದಾಗಳನ್ನು ನಿಲ್ಲಿಸಬೇಕಾಗಬಹುದು, ಹಾಗಾಗಿ ಇದನ್ನೂ ಕೊನೆಗೆ ಇಟ್ಟುಕೊಳ್ಳಬೇಡಿ.

ಹಂತ 4: ಲಾಟರಿಗೆ ಅರ್ಜಿ

ಇಲ್ಲಿ ಬೇಗ ಬಂದವರಿಗೆ ಟಿಕೆಟ್ ಅನ್ನುವ ಪದ್ಧತಿ ಕಡಿಮೆ. ಮೊದಲು ಸೆಂಕೋ ಛೂಸೆನ್, ಅಂದರೆ ಮುಂಗಡ ಲಾಟರಿ. ಅದೇ ಎರಡು ಮೂರು ಸುತ್ತು ನಡೆಯುತ್ತದೆ. ಉಳಿದದ್ದು ಮಾತ್ರ ಇಪ್ಪಾನ್ ಹತ್ಸುಬಾಯ್, ಅಂದರೆ ಸಾಮಾನ್ಯ ಮಾರಾಟಕ್ಕೆ ಬರುತ್ತದೆ. ಬೇಸಿಗೆಯ ಕಾರ್ಯಕ್ರಮಕ್ಕೆ ವಸಂತದಲ್ಲೇ ಕಣ್ಣಿಟ್ಟಿರಿ. ಲಾಟರಿಯ ಅವಧಿ ತೆರೆದ ಮೊದಲ ನಿಮಿಷಕ್ಕೆ ಹಾಕಿದರೂ ಕೊನೆಯ ದಿನ ಹಾಕಿದರೂ ಅವಕಾಶ ಒಂದೇ. ಆತುರ ಬೇಡ, ತಪ್ಪಿಲ್ಲದೆ ತುಂಬಿ.

ಒಂದೇ ಆಯ್ಕೆ ಹಾಕಬೇಡಿ. ದಾಯ್-ಇಚಿ ಕಿಬೋ ಮೊದಲ ಆಯ್ಕೆ, ದಾಯ್-ನಿ ಎರಡನೆಯದು. ಶನಿವಾರ, ಭಾನುವಾರಕ್ಕೆ ಎಲ್ಲರೂ ಮುಗಿಬೀಳುತ್ತಾರೆ. ಶುಕ್ರವಾರದ ಆಟ ಇದ್ದರೆ ಅದನ್ನೂ ಸೇರಿಸಿ, ಯೂಕ್ಯೂ, ಅಂದರೆ ಸಂಬಳ ಸಹಿತ ರಜೆಯನ್ನು ಆಫೀಸಿನಲ್ಲಿ ಮುಂಚೆಯೇ ಕೇಳಿಟ್ಟುಕೊಳ್ಳಿ.

ಸೀಟಿನ ಬಗ್ಗೆ ಒಂದು ಮಾತು. ಮಿಕು ಬರುವುದು ಪಾರದರ್ಶಕ ಪರದೆಯ ಮೇಲೆ. ಪಕ್ಕದಲ್ಲಿ ನಿಜವಾದ ವಾದ್ಯಗಾರರು ನುಡಿಸುತ್ತಿರುತ್ತಾರೆ. ಪರದೆ ಚಪ್ಪಟೆಯಾದ್ದರಿಂದ ತುಂಬಾ ಅಂಚಿನಿಂದ ನೋಡಿದರೆ ಅವಳು ತೆಳ್ಳಗೆ ಕಾಣುತ್ತಾಳೆ. ಮಿಕಿರೆ ಸೆಕಿ ಅಂತ ಬರೆದಿದ್ದರೆ ಅದು ನೋಟಕ್ಕೆ ಅಡ್ಡಿ ಇರುವ ಸೀಟು. ನನ್ನ ಮಟ್ಟಿಗೆ ಮುಂದಿನ ಅಂಚಿಗಿಂತ ಹಿಂದಿನ ನಡುಭಾಗವೇ ಚೆನ್ನ. ಅಲ್ಲಿಂದ ಅವಳೂ ಕಾಣುತ್ತಾಳೆ, ಬೆಳಕಿನ ಕಡ್ಡಿಗಳ ಸಮುದ್ರವೂ ಕಾಣುತ್ತದೆ.

ಜೊತೆಗೆ ಬರುವವರನ್ನು ದೋಕೋಷಾ ಅನ್ನುತ್ತಾರೆ. ಎಷ್ಟೋ ಕಾರ್ಯಕ್ರಮಗಳಲ್ಲಿ ಅವರ ಹೆಸರು, ನಂಬರ್ ಅರ್ಜಿಯಲ್ಲೇ ಕೊಡಬೇಕು. ಆಮೇಲೆ ಬದಲಾಯಿಸಲು ಬಿಡುವುದಿಲ್ಲ. "ಯಾರಾದರೂ ಸಿಗುತ್ತಾರೆ ಬಿಡು" ಅಂತ ಸುಮ್ನೆ ಎರಡು ಟಿಕೆಟ್ ಹಾಕಬೇಡಿ. ಇಬ್ಬರು ಗೆಳೆಯರು ಸೇರಿ ಒಂದೇ ದಿನಕ್ಕೆ ತಲಾ ಎರಡು ಟಿಕೆಟ್ ಅರ್ಜಿ ಹಾಕುವುದೂ ಅಪಾಯ. ಇಬ್ಬರಿಗೂ ಬಂದರೆ ನಾಲ್ಕಕ್ಕೂ ದುಡ್ಡು ಕೊಡಬೇಕು. ಗೆದ್ದ ಮೇಲೆ ರದ್ದು ಮಾಡಲು ಆಗುವುದಿಲ್ಲ.

ಹಂತ 5: ಫಲಿತಾಂಶ ಮತ್ತು ದುಡ್ಡು

ತೋಸೆನ್ ಅಂದರೆ ಗೆದ್ದಿರಿ. ರಕುಸೆನ್ ಅಂದರೆ ಇಲ್ಲ. ಇಮೇಲ್ ಸ್ಪ್ಯಾಮ್‌ಗೆ ಹೋಗುವುದು ಸಾಮಾನ್ಯ, ಹಾಗಾಗಿ ಫಲಿತಾಂಶದ ದಿನ ಸೈಟ್ ತೆರೆದು ನೀವೇ ನೋಡಿ.

ಕ್ರೆಡಿಟ್ ಕಾರ್ಡ್ ಆಯ್ಕೆ ಮಾಡಿದ್ದರೆ ಗೆದ್ದ ಕೂಡಲೇ ಹಣ ತಾನಾಗಿಯೇ ಹೋಗುತ್ತದೆ. ಭಾರತದ ಕಾರ್ಡ್ ಹಾಕಿದವರಿಗೆ ಇಲ್ಲೇ ಪೆಟ್ಟು. ಒಟಿಪಿ ಊರಿನ ನಂಬರ್‌ಗೆ ಹೋಗುತ್ತದೆ, ಆ ಸಿಮ್ ಮನೆಯ ಡ್ರಾಯರ್‌ನಲ್ಲಿ ಇರುತ್ತದೆ. ಜಪಾನಿನ ಕಾರ್ಡ್ ಇಲ್ಲದವರು ಕೊಂಬಿನಿಯಲ್ಲಿ, ಅಂದರೆ ಹಗಲು ರಾತ್ರಿ ತೆರೆದಿರುವ ಸಣ್ಣ ಅಂಗಡಿಯಲ್ಲಿ, ಕಟ್ಟುವ ಆಯ್ಕೆ ಇದ್ದರೆ ಅದನ್ನೇ ಆರಿಸಿ.

ಕೊಂಬಿನಿಯಲ್ಲಿ ಹೀಗೆ ಮಾಡಿ. ಯಾವ ಅಂಗಡಿ ಅಂತ ಸೈಟ್ ಹೇಳಿರುತ್ತದೆ, ಬೇರೆ ಕಡೆ ನಡೆಯುವುದಿಲ್ಲ. ಲಾಸನ್‌ನಲ್ಲಿ ಲೊಪ್ಪಿ ಯಂತ್ರ. ಫ್ಯಾಮಿಲಿಮಾರ್ಟ್ ಆದರೆ ಅಲ್ಲಿನ ಮಲ್ಟಿ ಕಾಪಿ ಯಂತ್ರ. ಯಂತ್ರದಲ್ಲಿ ಸೈಟ್ ಕೊಟ್ಟ ನಂಬರ್ ಒತ್ತಿ, ಫೋನ್ ನಂಬರ್ ಒತ್ತಿ, ಚೀಟಿ ತಗೊಳ್ಳಿ. ಆ ಚೀಟಿಗೆ ಅರ್ಧ ಗಂಟೆಯಷ್ಟೇ ಆಯಸ್ಸು. ನೇರ ಕೌಂಟರ್‌ಗೆ ಹೋಗಿ ದುಡ್ಡು ಕೊಟ್ಟು ರಸೀದಿ ಇಟ್ಟುಕೊಳ್ಳಿ.

ಕಟ್ಟುವ ಗಡುವು ಕೆಲವೇ ದಿನ. ಒಂದು ನಿಮಿಷ ದಾಟಿದರೂ ಟಿಕೆಟ್ ಹೋಗುತ್ತದೆ, ಬೇಡಿಕೊಂಡರೂ ಸಿಗುವುದಿಲ್ಲ. ಗೆದ್ದ ದಿನವೇ ಆಫೀಸಿನಿಂದ ಬರುವ ದಾರಿಯಲ್ಲಿ ಕಟ್ಟಿಬಿಡಿ.

ಹಂತ 6: ಟಿಕೆಟ್ ಕೈಗೆ ಬರುವುದು

ದುಡ್ಡು ಕಟ್ಟಿದ ಕೂಡಲೇ ಟಿಕೆಟ್ ಬರುವುದಿಲ್ಲ. ಗಾಬರಿ ಬೇಡ. ಡಿಜಿಟಲ್ ಟಿಕೆಟ್ ಕಾರ್ಯಕ್ರಮಕ್ಕೆ ಸ್ವಲ್ಪ ದಿನ ಮುಂಚೆ ಮಾತ್ರ ತೆರೆಯುತ್ತದೆ. ಸೀಟ್ ನಂಬರ್ ಕೂಡ ಆಗಲೇ ಗೊತ್ತಾಗುವುದು. ಬೇರೆ ಊರಿನಿಂದ ಬರುವವರು ಹೋಟೆಲ್ ಮಾತ್ರ ಗೆದ್ದ ದಿನವೇ ಹಿಡಿಯಿರಿ. ಜೊತೆಗಾರರ ಟಿಕೆಟ್ ಇದ್ದರೆ ತೆರೆದ ದಿನವೇ ಅವರ ಫೋನಿಗೆ ಕಳಿಸಿ. ಬಾಗಿಲಲ್ಲಿ ನಿಂತು ಕಳಿಸಲು ಹೋದರೆ ಅಷ್ಟು ಜನರ ನಡುವೆ ನೆಟ್‌ವರ್ಕ್ ಸಿಗುವುದಿಲ್ಲ. ಈ ನಡುವೆ ಹೊಸ ಫೋನ್ ಕೊಳ್ಳಬೇಡಿ.

ಟಿಕೆಟ್ ಅಂಚೆಯಲ್ಲಿ ಬರುವುದಾದರೆ ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿನ ಚೀಟಿ ಅಂಟಿಸಿ. ಹೆಸರಿಲ್ಲದ ಮನೆಗೆ ಬಂದ ಪತ್ರ ವಾಪಸ್ ಹೋಗಬಹುದು.

ಹಂತ 7: ಬೆಳಕಿನ ಕಡ್ಡಿ ಮತ್ತು ಕೂಗು, ಪಕ್ಕದ ಮನೆಯವರಿಗೆ ತೊಂದರೆ ಆಗದಂತೆ

ಪೆನ್‌ಲೈಟ್ ಇಲ್ಲದೆಯೂ ಹೋಗಬಹುದು, ಆದರೆ ಇದ್ದರೆ ಆ ರಾತ್ರಿಯ ಒಳಗೆ ನೀವೂ ಸೇರಿಕೊಳ್ಳುತ್ತೀರಿ. ಬಣ್ಣ ಬದಲಾಗುವಂಥದ್ದು ಕೊಳ್ಳಿ. ಮಿಕುಗೆ ನೀಲಿ ಹಸಿರು. ಅವಳ ಜೊತೆ ಹಾಡುವ ಉಳಿದ ಪಾತ್ರಗಳಿಗೆ ಬೇರೆ ಬಣ್ಣ. ರಿನ್‌ಗೆ ಕಿತ್ತಳೆ, ಲೆನ್‌ಗೆ ಹಳದಿ, ಲುಕಾಗೆ ಗುಲಾಬಿ, ಕೈತೋಗೆ ನೀಲಿ, ಮೇಕೋಗೆ ಕೆಂಪು. ಯಾವ ಬಣ್ಣ ಅಂತ ಗೊಂದಲವಾದರೆ ಮುಂದಿನ ಸಾಲಿನವರನ್ನು ನೋಡಿ ಬದಲಾಯಿಸಿ. ಉದ್ದ ಎಷ್ಟಿರಬೇಕು ಅನ್ನುವ ನಿಯಮ ಇರುತ್ತದೆ. ಬಗ್ಗಿಸಿ ಹೊತ್ತಿಸುವ ಅತಿ ಪ್ರಕಾಶದ ಕಡ್ಡಿಗಳನ್ನು ಎಷ್ಟೋ ಕಡೆ ಬಿಡುವುದಿಲ್ಲ. ಹೊಸ ಬ್ಯಾಟರಿ ಹಾಕಿ, ಮಣಿಕಟ್ಟಿನ ದಾರ ಬಿಗಿ ಮಾಡಿ. ತಲೆಗಿಂತ ಮೇಲೆ ಎತ್ತಿ ಹಿಡಿದರೆ ಹಿಂದಿನವರಿಗೆ ಮಿಕು ಕಾಣುವುದಿಲ್ಲ.

ಹಾಡಿನ ನಡುವೆ ಎಲ್ಲರೂ ಒಟ್ಟಿಗೆ ಕೂಗುವ ಜಾಗಗಳಿವೆ. ಅದನ್ನು ಕಲಿಯಲು ಅಪಾರ್ಟ್‌ಮೆಂಟ್ ಸರಿಯಾದ ಜಾಗ ಅಲ್ಲ. ಇಲ್ಲಿನ ಗೋಡೆಗಳು ತೆಳು. ಪಕ್ಕದವರು ನಿಮ್ಮ ಬಾಗಿಲು ತಟ್ಟುವುದಿಲ್ಲ, ನೇರ ಮನೆ ನೋಡಿಕೊಳ್ಳುವ ಕಂಪನಿಗೆ ಹೇಳುತ್ತಾರೆ. ಅಂಚೆ ಪೆಟ್ಟಿಗೆಯಲ್ಲಿ "ಶಬ್ದದ ಬಗ್ಗೆ ವಿನಂತಿ" ಅನ್ನುವ ಕಾಗದ ಬಿದ್ದರೆ ಅದು ಎಲ್ಲರಿಗೂ ಬರೆದಂತೆ ಇದ್ದರೂ ನಿಮ್ಮ ಬಗ್ಗೆಯೇ ಇರಬಹುದು. ಆ ದಿನವೇ ನಿಲ್ಲಿಸಿ. ಅದರ ಬದಲು ಹಿತೋಕಾರಾ ಹೋಗಿ, ಅಂದರೆ ಒಬ್ಬರೇ ಹಾಡುವ ಕರಾವೋಕೆ. ವಾರದ ದಿನ ಹಗಲಲ್ಲಿ ಅಗ್ಗ. ಮಿಕು ಹಾಡುಗಳು ರಾಶಿ ಇವೆ, ಎಷ್ಟು ಬೇಕಾದರೂ ಕೂಗಬಹುದು. ನನ್ನ ಜಪಾನೀ ಓದು ಚುರುಕಾದದ್ದು ಆ ಪುಟ್ಟ ಕೋಣೆಯಲ್ಲೇ, ಪರದೆಯ ಮೇಲೆ ಓಡುವ ಸಾಲುಗಳನ್ನು ಹಿಡಿಯುತ್ತಾ.

ಹಂತ 8: ಆ ದಿನ

ಜೈರ್ಯು ಕಾರ್ಡ್ ಜೇಬಿನಲ್ಲಿ ಇದೆಯೇ ನೋಡಿ. ಟಿಕೆಟ್‌ಗಾಗಿ ಮಾತ್ರ ಅಲ್ಲ, 16 ವರ್ಷ ದಾಟಿದ ನಾವೆಲ್ಲ ಅದನ್ನು ಯಾವಾಗಲೂ ಇಟ್ಟುಕೊಂಡಿರಬೇಕು ಅಂತ ಕಾನೂನಿದೆ. ಇಲ್ಲದಿದ್ದರೆ 2 ಲಕ್ಷ ಯೆನ್‌ವರೆಗೆ ದಂಡ ಹಾಕಬಹುದು. ಕಾರ್ಡ್‌ನ ಫೋಟೋ ಲೆಕ್ಕಕ್ಕಿಲ್ಲ.

ಮಕುಹಾರಿಗೆ ಹೋಗುವವರು ಕೇಯೋ ಲೈನ್‌ನಲ್ಲಿ ಕೈಹಿನ್ ಮಕುಹಾರಿ ನಿಲ್ದಾಣದಲ್ಲಿ ಇಳಿಯಿರಿ. ಟೋಕಿಯೋ ಸ್ಟೇಷನ್‌ನಲ್ಲಿ ಕೇಯೋ ಪ್ಲಾಟ್‌ಫಾರಂ ಉಳಿದವುಗಳಿಂದ ತುಂಬಾ ದೂರ, ಬರೀ ನಡೆಯಲು 10ರಿಂದ 15 ನಿಮಿಷ ಇಟ್ಟುಕೊಳ್ಳಿ. ಸಮುದ್ರದ ಪಕ್ಕದ ಲೈನ್ ಅದು, ಜೋರು ಗಾಳಿಗೆ ನಿಲ್ಲುತ್ತದೆ. ಆಗಸ್ಟ್ ಅಂದರೆ ಚಂಡಮಾರುತದ ಕಾಲ. ಹಾಗಾದಾಗ ಸೋಬು ಲೈನ್ ಹಿಡಿದು ಮಕುಹಾರಿ ಹೊಂಗೋದಲ್ಲಿ ಇಳಿದು ಬಸ್ಸಿಗೆ ಹೋಗಿ. ಒಸಾಕಾದ ಇಂಟೆಕ್ಸ್‌ಗೆ ಹತ್ತಿರದ ನಿಲ್ದಾಣ ನಾಕಾಫುತೋ. ಹೋಗುವಾಗಲೇ ಸುಯಿಕಾ ಅನ್ನುವ ರೈಲು ಕಾರ್ಡಿನಲ್ಲಿ ವಾಪಸ್ ಬರುವ ಹಣ ತುಂಬಿಸಿ.

ಬುಪ್ಪಾನ್, ಅಂದರೆ ವಸ್ತುಗಳ ಮಾರಾಟದ ಸಾಲು ಉದ್ದ ಇರುತ್ತದೆ. ಮುಂಚೆಯೇ ಆನ್‌ಲೈನ್‌ನಲ್ಲಿ ಕೊಳ್ಳಲು ಬಿಟ್ಟಿದ್ದರೆ ಹಾಗೆ ಮಾಡಿ. ಸೆಕೆ ಮೈ ಬೇಯಿಸುತ್ತದೆ. ನೀರು, ಉಪ್ಪಿನ ಮಿಠಾಯಿ, ಟವಲ್ ಇರಲಿ. ತಲೆ ಸುತ್ತು, ವಾಕರಿಕೆ, ಬೆವರು ಪೂರ್ತಿ ನಿಂತುಹೋಗುವುದು ಕಂಡರೆ ಸಾಲು ಬಿಟ್ಟು ಸಿಬ್ಬಂದಿಗೆ ಹೇಳಿ. ಸಾಲು ಮತ್ತೆ ಸಿಗುತ್ತದೆ. ಸಸ್ಯಾಹಾರಿಗಳು ಮನೆಯಿಂದ ಚಪಾತಿ ತನ್ನಿ. ಮೊಸರನ್ನ ಈ ಬಿಸಿಲಿಗೆ ತಡೆಯುವುದಿಲ್ಲ. ಕೊಂಬಿನಿಯ ಉಮೆ ಒನಿಗಿರಿಯಲ್ಲೂ, ಅಂದರೆ ಉಪ್ಪು ಹಾಕಿದ ಹುಳಿ ಹಣ್ಣು ತುಂಬಿದ ಅನ್ನದ ಉಂಡೆಯಲ್ಲೂ, ಮೀನಿನ ಸಾರ ಸೇರಿರಬಹುದು, ಹಿಂದಿನ ಚೀಟಿ ಓದಿ.

ಕಾಸ್‌ಪ್ಲೇ ಮಾಡುವವರು ವೇಷದಲ್ಲೇ ರೈಲು ಹತ್ತಬೇಡಿ. ಅಲ್ಲೇ ಬಟ್ಟೆ ಬದಲಾಯಿಸುವ ಕೋಣೆ ಇರುತ್ತದೆ. ಹಾಡು ನಡೆಯುವಾಗ ಫೋಟೋ, ವಿಡಿಯೋ ಬೇಡ.

ಮುಗಿದ ಮೇಲೆ ಎದ್ದು ಓಡಬೇಡಿ. ಕಿಸೇ ತಾಯ್‌ಜೋ ಅಂತ ಒಂದೊಂದೇ ಭಾಗವನ್ನು ಹೊರಗೆ ಬಿಡುತ್ತಾರೆ, ನಿಮ್ಮ ಸರದಿ ಬರಲು ಸಮಯ ಹಿಡಿಯುತ್ತದೆ. ಆ ಸಮಯ ಸೇರಿಸಿಯೇ ಶೂದೆನ್, ಅಂದರೆ ಕೊನೇ ರೈಲಿನ ಲೆಕ್ಕ ಹಾಕಿ. ಊರ ಹೊರಗಿನ ಲೈನ್‌ಗಳಲ್ಲಿ ಅದು ನಾವು ಅಂದುಕೊಂಡದ್ದಕ್ಕಿಂತ ಬೇಗ.

ಲಾಟರಿಯಲ್ಲಿ ಬರದಿದ್ದರೆ

ಮುಂದಿನ ಸುತ್ತಿಗೆ ಮತ್ತೆ ಹಾಕಿ. ಹಳೆಯ ಅರ್ಜಿ ತಾನಾಗಿ ಮುಂದೆ ಹೋಗುವುದಿಲ್ಲ. ಎಲ್ಲ ಸುತ್ತೂ ಮುಗಿದರೆ ಅಧಿಕೃತ ಮರುಮಾರಾಟ ಇದೆಯೇ ನೋಡಿ. ಬರಲಾಗದವರ ಟಿಕೆಟ್ ಅಲ್ಲಿ ನಿಮ್ಮ ಹೆಸರಿಗೆ ಸರಿಯಾಗಿ ಬದಲಾಗುತ್ತದೆ.

ಸೋಷಿಯಲ್ ಮೀಡಿಯಾದಲ್ಲಿ ಯುಜುರಿಮಾಸು, ಅಂದರೆ "ಬಿಟ್ಟುಕೊಡುತ್ತೇನೆ" ಅಂತ ಬರೆದವರ ಹಿಂದೆ ಹೋಗಬೇಡಿ. ಹೊಸ ಖಾತೆ, ಮೊದಲೇ ಹಣ ಕೇಳುವುದು, ಗಿಫ್ಟ್ ಕಾರ್ಡ್ ನಂಬರ್ ಕೇಳುವುದು, "ಹೆಸರು ನೋಡುವುದಿಲ್ಲ, ಧೈರ್ಯವಾಗಿ ಬಾ" ಅನ್ನುವುದು, ಇವೆಲ್ಲ ಮೋಸದ ಗುರುತು. ಜೂನ್ 14, 2019ರಿಂದ ಟಿಕೆಟ್‌ಗಳನ್ನು ಮೂಲ ಬೆಲೆಗಿಂತ ಜಾಸ್ತಿಗೆ ಮಾರುವ ದಂಧೆಯನ್ನು ಕಾನೂನು ತಡೆದಿದೆ. ಒಂದು ವರ್ಷದವರೆಗೆ ಜೈಲು, 10 ಲಕ್ಷ ಯೆನ್‌ವರೆಗೆ ದಂಡ. ವೀಸಾ ಮೇಲೆ ಇರುವ ನಾವು ಅದರ ಹತ್ತಿರವೂ ಸುಳಿಯಬಾರದು.

ಸಿನಿಮಾ ಮಂದಿರದಲ್ಲಿ ಲೈವ್ ವ್ಯೂಯಿಂಗ್, ಅಂದರೆ ನೇರ ಪ್ರಸಾರ, ಇಟ್ಟ ವರ್ಷಗಳೂ ಇವೆ. ಅಲ್ಲೂ ಪೆನ್‌ಲೈಟ್ ಹಿಡಿದು ಕೂಗುವವರು ಇರುತ್ತಾರೆ. ಅದೂ ಸಿಗಲಿಲ್ಲ ಅಂದರೆ ಫೆಬ್ರವರಿಯಲ್ಲಿ ಸಪ್ಪೊರೊಗೆ ಹೋಗಿ. ಮಿಕುವನ್ನು ರೂಪಿಸಿದ ಕ್ರಿಪ್ಟನ್ ಕಂಪನಿಯ ಊರು ಅದು. ಹಿಮ ಉತ್ಸವದ ಹೊತ್ತಿಗೆ ಯುಕಿ ಮಿಕು, ಅಂದರೆ ಹಿಮದ ಮಿಕು, ಬಿಳಿ ಉಡುಪಿನಲ್ಲಿ ಊರೆಲ್ಲ ಇರುತ್ತಾಳೆ. ಅವಳ ಚಿತ್ರ ಬಳಿದ ಟ್ರಾಮ್ ಓಡುತ್ತದೆ. ಅದನ್ನು ಹತ್ತಲು ಲಾಟರಿ ಇಲ್ಲ, ಕಟಕಾನ ಹೆಸರೂ ಬೇಡ. ಜಾರದ ಅಡಿಯ ಶೂ ಮಾತ್ರ ಬೇಕು. ಹಿಮ ಗಟ್ಟಿಯಾಗಿ ಗಾಜಿನಂತೆ ಆಗಿರುತ್ತದೆ, ಮಾಮೂಲಿ ಶೂನಲ್ಲಿ ಎರಡು ಹೆಜ್ಜೆಗೆ ಬೀಳುತ್ತೀರಿ.